ಕ್ರೋಕಂಬೂಶ್ ಮನೆಯಲ್ಲೇ ಕಟ್ಟಬಹುದಾ? ತಮ್ಮನ ಮದುವೆಗೆ, 20 ಜನರಿಗೆ

ಗರೋನ್ ತೀರದವಳು:
ಎಲ್ಲರಿಗೂ ನಮಸ್ಕಾರ. ನಾನಿರುವುದು ಫ್ರಾನ್ಸಿನ ಟೂಲೂಸ್‌ನಲ್ಲಿ. ಜೂನ್ ಕೊನೆಗೆ ನನ್ನ ತಮ್ಮನ ಮದುವೆ, ಹುಡುಗಿ ಇಲ್ಲಿಯವಳೇ. ಬೆಳಗ್ಗೆ 11ಕ್ಕೆ ಪುರಸಭೆಯಲ್ಲಿ ಮದುವೆ, ಆಮೇಲೆ ನಮ್ಮ ಮನೆಯಲ್ಲೇ ಊಟ. ಒಟ್ಟು 20 ಜನ. ಹುಡುಗಿಯ ಅಜ್ಜಿಗೆ ಒಂದೇ ಆಸೆ, ಊಟದ ಕೊನೆಗೆ ಕ್ರೋಕಂಬೂಶ್ ಇರಬೇಕು ಅಂತ. ನೋಡದವರಿಗೆ ಹೇಳುತ್ತೇನೆ: ನಿಂಬೆಹಣ್ಣಿನ ಗಾತ್ರದ ಕ್ರೀಮ್ ಪಫ್‌ಗಳನ್ನು (ಒಳಗೆ ಟೊಳ್ಳಾಗಿ ಉಬ್ಬಿ, ಕ್ರೀಮ್ ತುಂಬಿದ ಉಂಡೆಗಳು) ಕ್ಯಾರಮೆಲ್ ಪಾಕದಲ್ಲಿ ಅದ್ದಿ, ಒಂದಕ್ಕೊಂದು ಅಂಟಿಸಿ, ಎತ್ತರದ ಗೋಪುರ ಕಟ್ಟುತ್ತಾರೆ. ಇಲ್ಲಿ ಮದುವೆ, ಮಕ್ಕಳ ದೀಕ್ಷಾಸ್ನಾನ, ಮೊದಲ ಪರಮಪ್ರಸಾದ, ಎಲ್ಲದಕ್ಕೂ ಇದು ಬರುತ್ತದೆ.

ಬೇಕರಿಯವರಿಗೆ ಹೇಳಿದರೆ ಮಾಡಿಕೊಡುತ್ತಾರೆ. ಆದರೆ ನನ್ನ ಕೈಯಾರೆ ಮಾಡಬೇಕು ಅಂತ ಆಸೆ. ಇದೇ ಹಿಟ್ಟಿನಿಂದ ಉದ್ದುದ್ದ ಮಾಡುವ ಎಕ್ಲೇರ್ ಮಾಡಿ ಅಭ್ಯಾಸ ಇದೆ, ಹಿಟ್ಟು ಚೆನ್ನಾಗಿ ಉಬ್ಬುತ್ತದೆ. ನನ್ನ ಪ್ರಶ್ನೆ ಗೋಪುರದ್ದು. ಎಷ್ಟು ಪಫ್ ಬೇಕು? ಯಾವುದನ್ನು ಎಷ್ಟು ಮೊದಲು ಮಾಡಿಟ್ಟುಕೊಳ್ಳಬಹುದು? ಹಿತ್ತಲಲ್ಲಿ ಶಾಮಿಯಾನದ ಕೆಳಗೆ ಇಟ್ಟರೆ ನಿಲ್ಲುತ್ತಾ?

ಲಿಯೋನ್ ಅಡುಗೆಮನೆ:
ಎಕ್ಲೇರ್ ಬರುತ್ತದೆ ಅಂದರೆ ಅರ್ಧ ಕೆಲಸ ಮುಗಿದ ಹಾಗೆ, ಅಕ್ಕ. ನಾನು ಇಲ್ಲಿ ಒಂದು ಪೇಸ್ಟ್ರಿ ಅಂಗಡಿಯ ಅಡುಗೆಮನೆಯಲ್ಲಿದ್ದೇನೆ. ಬೇಸಿಗೆಯ ಶನಿವಾರ ಬಂತೆಂದರೆ ನಮಗೆ ಇದೇ ಕೆಲಸ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಈ ತಿಂಡಿಗೆ ಶತ್ರು ತೇವ. ಹಿಟ್ಟಿನಲ್ಲಿ ಉಳಿದ ತೇವ, ಕ್ರೀಮಿನ ತೇವ, ಗಾಳಿಯ ತೇವ, ಮೂರೂ ಸೇರಿ ಗೋಪುರ ಬೀಳಿಸುತ್ತವೆ. ಆದ್ದರಿಂದ ಭಾಗಗಳನ್ನೆಲ್ಲ ಮೊದಲೇ ಮಾಡಿಡಿ, ಕಟ್ಟುವುದನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ.

ಪಫ್‌ಗಳನ್ನು ವಾರದ ಮೊದಲೇ ಬೇಯಿಸಿ, ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಿ. ಆ ದಿನ ಬೆಳಗ್ಗೆ 170 ಡಿಗ್ರಿಯಲ್ಲಿ ಏಳೆಂಟು ನಿಮಿಷ ಬಿಸಿ ಮಾಡಿದರೆ ಮತ್ತೆ ಗರಿಗರಿ ಆಗುತ್ತವೆ. ಕ್ರೀಮ್ ಹಿಂದಿನ ದಿನ ಮಾಡಿ, ಮೇಲೆ ಪದರ ಕಟ್ಟದ ಹಾಗೆ ಪ್ಲಾಸ್ಟಿಕ್ ಹಾಳೆಯನ್ನು ಕ್ರೀಮಿಗೇ ಅಂಟಿಸಿ ಫ್ರಿಜ್‌ನಲ್ಲಿಡಿ. ಕ್ಯಾರಮೆಲ್ ಮಾತ್ರ ಕಟ್ಟುವ ಹೊತ್ತಿಗೇ ಆಗಬೇಕು.

ಒಂದು ಸಲದ ಅಳತೆ: ನೀರು ಮತ್ತು ಹಾಲು ಸೇರಿ 250 ಮಿಲಿ, ಬೆಣ್ಣೆ 100 ಗ್ರಾಂ, ಮೈದಾ 150 ಗ್ರಾಂ, ದೊಡ್ಡ ಮೊಟ್ಟೆ 4, ಅರ್ಧ ಚಮಚ ಉಪ್ಪು. ಚಿಕ್ಕ ಪಫ್ ಮೂವತ್ತೈದರಿಂದ ನಲವತ್ತು ಬರುತ್ತವೆ. ನಿಮಗೆ ಎರಡು ಸಲ ಮಾಡಬೇಕು.

ಕುಡ್ಲ ಕಡಲತಡಿ:
ಶಾಮಿಯಾನ ಬೇಡವೇ ಬೇಡ. ಮಂಗಳೂರಿನಲ್ಲಿ ನಾನು ಕ್ಯಾರಮೆಲ್ ಕೆಲಸವನ್ನು ಎಸಿ ಕೋಣೆಯ ಹೊರಗೆ ಮಾಡುವುದೇ ಇಲ್ಲ. ಗಟ್ಟಿಯಾದ ಕ್ಯಾರಮೆಲ್ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಮೊದಲು ಕೈಗೆ ಅಂಟುತ್ತದೆ, ಆಮೇಲೆ ಜಿನುಗುತ್ತದೆ, ಆಮೇಲೆ ಪಫ್‌ಗಳು ಜಾರುತ್ತವೆ. ಫ್ರಿಜ್‌ನಲ್ಲಿಟ್ಟರೂ ಅದೇ ಕಥೆ, ಅಲ್ಲೂ ತೇವ ಇದೆ. ಮೇಲಾಗಿ ಹೊರಗೆ ತೆಗೆದ ಕೂಡಲೇ ತಣ್ಣಗಿನ ಮೈ ಬೆವರುತ್ತದೆ.

ಲಿಯೋನ್ ಅಡುಗೆಮನೆ:
ಇದು ನೂರಕ್ಕೆ ನೂರು ನಿಜ. ಒಂದು ಜುಲೈ ಮದುವೆಯಲ್ಲಿ ತೋಟದ ಟೆಂಟ್‌ನೊಳಗೆ ಮಧ್ಯಾಹ್ನದಿಂದ ಇಟ್ಟಿದ್ದ ಗೋಪುರ ಕಣ್ಣೆದುರೇ ಒಂದು ಬದಿಗೆ ವಾಲುವುದನ್ನು ನೋಡಿದ್ದೇನೆ. ಕಟ್ಟಿದವರ ಕೈಚಳಕಕ್ಕೆ ಏನೂ ಕೊರತೆ ಇರಲಿಲ್ಲ. ಬೆಳಗ್ಗೆ ಬೇಗ ತಂದು ಇಳಿಸಿ ಅಂತ ಮನೆಯವರೇ ಹೇಳಿದ್ದರು.

ಜಯನಗರ ಬೇಕರ್:
ಒಳಗೆ ಆಸರೆಗೆ ಶಂಕುವಿನಾಕಾರದ ಕೋನ್ ಬೇಕೇ ಬೇಕು. ಬರಿಗೈಯಲ್ಲಿ ಕಟ್ಟಲು ಹೋಗಬೇಡಿ.

ಲಿಯೋನ್ ಅಡುಗೆಮನೆ:
ಹಾಗೇನಿಲ್ಲ ಸರ್. ಕೆಳಗಿನ ಸುತ್ತಿನಿಂದ ಶುರು ಮಾಡಿ, ಪ್ರತಿ ಪಫ್ ಸ್ವಲ್ಪ ಒಳಕ್ಕೆ ವಾಲುವ ಹಾಗೆ ಕೂರಿಸಿಕೊಂಡು ಹೋದರೆ ಒಳಗೆ ಟೊಳ್ಳಾದ ಗೋಪುರ ತಾನೇ ನಿಲ್ಲುತ್ತದೆ. ಕೋನಿನ ಒಳಗೆ ತಲೆಕೆಳಗಾಗಿ ಜೋಡಿಸಿ, ಆರಿದ ಮೇಲೆ ಮಗುಚುವವರೂ ಇದ್ದಾರೆ. ಆದರೆ ಮೊದಲ ಸಲಕ್ಕೆ ಹೊರಗಿನಿಂದ ಕಟ್ಟುವುದೇ ಸುಲಭ, ಅದಕ್ಕೆ ಕೋನ್ ಆಸರೆ ಇದ್ದರೆ ಒಳ್ಳೆಯದು ಅನ್ನುವುದನ್ನು ಒಪ್ಪುತ್ತೇನೆ. ದಪ್ಪ ಡ್ರಾಯಿಂಗ್ ಹಾಳೆ ಸುತ್ತಿ ಟೇಪ್ ಹಾಕಿ, ಅದರ ಮೇಲೆ ಬೇಕಿಂಗ್ ಪೇಪರ್ ಸುತ್ತಿ, ಪೇಪರಿಗೆ ಚೂರು ಎಣ್ಣೆ ಸವರಿ. ಪಫ್ ಅಂಟಬೇಕಾದ್ದು ಪಕ್ಕದ ಪಫ್‌ಗೆ, ಕೋನಿಗಲ್ಲ.

ಲೆಕ್ಕದ ಮೇಷ್ಟ್ರು:
ಎಷ್ಟು ಬೇಕು ಅಂತ ಕೇಳಿದ್ದೀರಿ, ಲೆಕ್ಕ ಹಾಕಿಯೇ ಬಿಡೋಣ. ಪಫ್ 4 ಸೆಂ.ಮೀ. ಅಗಲ, ಕೋನಿನ ಬುಡ 10 ಸೆಂ.ಮೀ. ಅಗಲ ಅಂದುಕೊಳ್ಳಿ. ಕೆಳಗಿನ ಸುತ್ತಿನ ಪಫ್‌ಗಳ ನಡುಬಿಂದುಗಳನ್ನು ಸೇರಿಸಿದರೆ 14 ಸೆಂ.ಮೀ. ವ್ಯಾಸದ ವೃತ್ತ, ಪರಿಧಿ ಸುಮಾರು 44. ನಾಲ್ಕರಿಂದ ಭಾಗಿಸಿದರೆ 11. ಮೇಲೆ ಹೋದ ಹಾಗೆ ಸುತ್ತಿಗೊಂದು ಕಡಿಮೆ ಮಾಡುತ್ತಾ ಮೂರರವರೆಗೆ ಬನ್ನಿ, ತುದಿಗೆ ಒಂದು. ಒಟ್ಟು 64. ಎತ್ತರ ಒಂದು ಅಡಿಯ ಮೇಲೆ ಸ್ವಲ್ಪ. ತಲೆಗೆ ಮೂರರಂತೆ 20 ಜನಕ್ಕೆ 60. ನಿಮಗೆ ಸರಿಹೋಯಿತು.

ಕುಡ್ಲ ಕಡಲತಡಿ:
ಮೇಷ್ಟ್ರೇ, ಒಡೆದದ್ದು, ಸೊಟ್ಟಗಾದದ್ದು ಎಲ್ಲ ಲೆಕ್ಕಕ್ಕೆ ಬರಬೇಕಲ್ವಾ? 75 ಬೇಯಿಸಲಿ.

ಲೆಕ್ಕದ ಮೇಷ್ಟ್ರು:
ಬೇಯಿಸಲಿ. ಸ್ವಲ್ಪ ದೊಡ್ಡವನ್ನು ಕೆಳಗಿನ ಸುತ್ತುಗಳಿಗೆ, ಚಿಕ್ಕವನ್ನು ಮೇಲಕ್ಕೆ ಅಂತ ಮೊದಲೇ ವಿಂಗಡಿಸಿಟ್ಟುಕೊಳ್ಳಲಿ. ಕ್ಯಾರಮೆಲ್ ಇಲ್ಲದೆ ಒಂದು ಸಲ ಸುಮ್ನೆ ಕೋನಿನ ಸುತ್ತ ಕೆಳಗಿನ ಎರಡು ಸುತ್ತು ಜೋಡಿಸಿ ನೋಡಲಿ, ಲೆಕ್ಕ ತಾಳೆಯಾಗುತ್ತದಾ ಅಂತ ಗೊತ್ತಾಗುತ್ತದೆ.

ಮೈಸೂರು ಸಕ್ಕರೆ ಅಚ್ಚು:
ನಾನು ಈ ಗೋಪುರ ಮಾಡಿದವಳಲ್ಲ. ಆದರೆ ಪಾಕದ ವಿಷಯ ಅಂದರೆ ನನಗೆ ಎರಡು ಮಾತು ಆಡಲೇಬೇಕು. ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಸಕ್ಕರೆ ಅಚ್ಚು ಮಾಡುತ್ತೇವೆ. ಅಲ್ಲಿ ಪಾಕ ಹರಳುಗಟ್ಟಲೇಬೇಕು, ಅದಕ್ಕೇ ಪಾತ್ರೆಯ ಅಂಚಿಗೆ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿ ಅಚ್ಚಿಗೆ ಸುರಿಯುತ್ತೇವೆ. ನಿಮ್ಮ ಕ್ಯಾರಮೆಲ್‌ಗೆ ಅದರ ಪೂರ್ತಿ ವಿರುದ್ಧ ಬೇಕು. ಒಂದು ಹರಳು ಹುಟ್ಟಿದರೂ ಇಡೀ ಪಾತ್ರೆ ಮರಳಾಗುತ್ತದೆ. ಆದ್ದರಿಂದ ಸಕ್ಕರೆ ಕರಗಿ ಕುದಿ ಬಂದ ಮೇಲೆ ಸೌಟು ಮುಟ್ಟಬೇಡಿ, ಪಾತ್ರೆಯನ್ನೇ ಮೆಲ್ಲಗೆ ಅಲ್ಲಾಡಿಸಿ. ಅಂಚಿನಲ್ಲಿ ಸಿಡಿದ ಪಾಕವನ್ನು ಒದ್ದೆ ಬ್ರಶ್‌ನಿಂದ ಒಳಗೆ ತೊಳೆಯಿರಿ. ನಾಲ್ಕು ಹನಿ ನಿಂಬೆರಸ ಹಾಕಿ. ಜಾಮೂನಿನ ಪಾಕಕ್ಕೆ ನಿಂಬೆ ಹಿಂಡುವುದೂ ಇದಕ್ಕೇ, ರುಚಿಗೆ ಅಂತ ಎಷ್ಟೋ ಜನ ತಿಳಿದಿದ್ದಾರೆ.

ಜಯನಗರ ಬೇಕರ್:
ನಿಂಬೆರಸಕ್ಕಿಂತ ಗ್ಲೂಕೋಸ್ ಸಿರಪ್ ಒಳ್ಳೆಯದು ಮೇಡಂ. ನಿಂಬೆ ಹಾಕಿದಾಗ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಫ್ರಕ್ಟೋಸ್ ತೇವವನ್ನು ಜಾಸ್ತಿ ಎಳೆಯುತ್ತದೆ. ನಿಂಬೆ ಹೆಚ್ಚಾದರೆ ಕ್ಯಾರಮೆಲ್ ಬೇಗ ಅಂಟಂಟು. 500 ಗ್ರಾಂ ಸಕ್ಕರೆಗೆ 100 ಗ್ರಾಂ ಗ್ಲೂಕೋಸ್ ಸಿರಪ್, 150 ಮಿಲಿ ನೀರು. ಥರ್ಮಾಮೀಟರ್ ಇಟ್ಟು 165 ಡಿಗ್ರಿ ಬಂದಾಗ ಒಲೆಯಿಂದ ಇಳಿಸಿ, ತಕ್ಷಣ ಪಾತ್ರೆಯ ತಳವನ್ನು ತಣ್ಣೀರಿನಲ್ಲಿ ಎರಡು ಸೆಕೆಂಡ್ ಅದ್ದಿ. ಇಲ್ಲದಿದ್ದರೆ ಆ ಬಿಸಿಯಲ್ಲೇ ಬೇಯುತ್ತಾ ಹೋಗಿ ಕಹಿಯಾಗುತ್ತದೆ.

ಮೈಸೂರು ಸಕ್ಕರೆ ಅಚ್ಚು:
ನಾಲ್ಕೇ ಹನಿ ಅಂದೆನಲ್ಲ ಸರ್. ಥರ್ಮಾಮೀಟರ್‌ಗಿಂತ ನನಗೆ ಬಣ್ಣದ ಮೇಲೇ ನಂಬಿಕೆ. ಜೇನಿನ ಬಣ್ಣ ಬಂತಾ, ಇಳಿಸಿ.

ಲೆಕ್ಕದ ಮೇಷ್ಟ್ರು:
ಥರ್ಮಾಮೀಟರ್ ಇದ್ದರೂ ಮೊದಲು ಕುದಿಯುವ ನೀರಿನಲ್ಲಿ ಪರೀಕ್ಷಿಸಿ. ಟೂಲೂಸ್‌ನಲ್ಲಿ 100ರ ಹತ್ತಿರ ತೋರಿಸಬೇಕು. ಬೆಂಗಳೂರಿನವರಿಗೆ 97ರ ಆಸುಪಾಸು ತೋರಿಸುತ್ತದೆ, ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಥರ್ಮಾಮೀಟರ್ ಕೆಟ್ಟಿದೆ ಅಂದುಕೊಂಡು ಎಸೆಯಬೇಡಿ.

ಲೀಡ್ಸ್ ನರ್ಸಮ್ಮ:
ಎಲ್ಲರೂ ಪಾಕದ ಬಗ್ಗೆಯೇ ಮಾತಾಡುತ್ತಿದ್ದೀರಿ, ಸುಟ್ಟ ಗಾಯದ ಬಗ್ಗೆ ಯಾರೂ ಹೇಳಲಿಲ್ಲ. 165 ಡಿಗ್ರಿಯ ಕ್ಯಾರಮೆಲ್ ಕುದಿಯುವ ನೀರಿಗಿಂತ ಎಷ್ಟೋ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಪಕ್ಕದಲ್ಲೇ ಒಂದು ಬೋಗುಣಿ ತಣ್ಣೀರು ಇಟ್ಟುಕೊಳ್ಳಿ. ಬಿದ್ದ ತಕ್ಷಣ ಕೈ ಅದರಲ್ಲಿ ಅದ್ದಿ, ಆಮೇಲೆ ನಲ್ಲಿಯ ಹರಿಯುವ ತಂಪು ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಉಂಗುರ, ಬಳೆ ಬೇಗ ತೆಗೆಯಿರಿ. ಅಂಟಿದ ಸಕ್ಕರೆಯನ್ನು ಕಿತ್ತರೆ ಚರ್ಮವೂ ಬರುತ್ತದೆ, ಕೀಳಬೇಡಿ. ಬೆಣ್ಣೆ, ಅರಿಶಿನ, ಟೂತ್‌ಪೇಸ್ಟ್, ಐಸ್ ಏನೂ ಹಚ್ಚಬೇಡಿ. ದೊಡ್ಡ ಗಾಯವಾದರೆ ಡಾಕ್ಟರಿಗೆ ತೋರಿಸಿ. ಅದ್ದುವಾಗ ಇಕ್ಕಳ ಬಳಸಿ, ಮಕ್ಕಳನ್ನು ಅಡುಗೆಮನೆಗೆ ಬಿಡಬೇಡಿ.

ಹಳೇ ಪುಸ್ತಕದ ಹುಳ:
ಈ ತಿಂಡಿಯನ್ನು ಕಂಡುಹಿಡಿದವನು ಅಂತೋನಿನ್ ಕರೇಮ್. ನೆಪೋಲಿಯನ್ ಕಾಲದ ದೊಡ್ಡ ಬಾಣಸಿಗ. ಬಡ ಮನೆಯ ಹುಡುಗ, ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಬೀದಿಗೆ ಬಿದ್ದವನು. ಪ್ಯಾರಿಸ್‌ನ ವಿವಿಯೆನ್ ಬೀದಿಯಲ್ಲಿ ಬೈಯಿ ಅನ್ನುವವರ ಪೇಸ್ಟ್ರಿ ಅಂಗಡಿಗೆ ಸೇರಿ, ಬಿಡುವಿನಲ್ಲಿ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಿ ಹಳೆಯ ಕಟ್ಟಡಗಳ ಚಿತ್ರಗಳನ್ನು ನೋಡಿ ನೋಡಿ ಬರೆದುಕೊಳ್ಳುತ್ತಿದ್ದನಂತೆ. ಆಮೇಲೆ ಅದೇ ದೇವಸ್ಥಾನ, ಗೋಪುರ, ಮಂಟಪಗಳನ್ನು ಸಕ್ಕರೆ ಮತ್ತು ಹಿಟ್ಟಿನಲ್ಲಿ ಕಟ್ಟಿ ಅಂಗಡಿಯ ಕಿಟಕಿಯಲ್ಲಿಟ್ಟ. ಜನ ನಿಂತು ನೋಡುತ್ತಿದ್ದರು.

ಪ್ಯಾರಿಸ್ ಪಿಎಚ್‌ಡಿ:
ಕಂಡುಹಿಡಿದವನು ಅನ್ನುವುದು ಸ್ವಲ್ಪ ಜಾಸ್ತಿ ಆಯಿತು. 1815ರ ಅವನ ಪುಸ್ತಕದಲ್ಲಿ ಕ್ರೋಕಂಬೂಶ್ ಬರುತ್ತದೆ, ಅದು ನಿಜ. ಪುಸ್ತಕದಲ್ಲಿ ಬಂದದ್ದೆಲ್ಲ ಬರೆದವನೇ ಹುಟ್ಟುಹಾಕಿದ್ದು ಆಗಬೇಕಿಲ್ಲ. ಇನ್ನೊಂದು ವಿಷಯ, 19ನೇ ಶತಮಾನದ ಕ್ರೋಕಂಬೂಶ್ ಅಂದರೆ ಬರೀ ಪಫ್ ಅಲ್ಲ. ಕಿತ್ತಳೆ ತೊಳೆ, ಚೆಸ್ಟ್‌ನಟ್, ಬಾದಾಮಿ ಬಿಸ್ಕತ್ತು, ಇವನ್ನೆಲ್ಲ ಕ್ಯಾರಮೆಲ್‌ನಲ್ಲಿ ಅದ್ದಿ ಅಚ್ಚಿನಲ್ಲಿ ಜೋಡಿಸುತ್ತಿದ್ದರು.

ಹಳೇ ಪುಸ್ತಕದ ಹುಳ:
ಸರಿ, ಹೆಸರು ತಂದುಕೊಟ್ಟವನು ಅನ್ನೋಣ. ಆದರೆ ಕಟ್ಟಡ ನೋಡಿ ತಿಂಡಿ ಕಟ್ಟುವ ಹುಚ್ಚು ಅವನದೇ, ಅದನ್ನು ಬಿಟ್ಟುಕೊಡಲಾರೆ.

ಟಿವಿ ನೋಡಿ ಕಲಿತವಳು:
ನಮ್ಮಂಥವರಿಗೆ ಇದನ್ನು ಪರಿಚಯ ಮಾಡಿಕೊಟ್ಟದ್ದು ಮಾಸ್ಟರ್‌ಶೆಫ್ ಆಸ್ಟ್ರೇಲಿಯಾ ಅನ್ನುವ ಟಿವಿ ಅಡುಗೆ ಸ್ಪರ್ಧೆ. 2009ರ ಮೊದಲ ಸೀಸನ್, ಪೇಸ್ಟ್ರಿ ಬಾಣಸಿಗ ಏಡ್ರಿಯಾನೋ ಜುಂಬೋ ಕೊಟ್ಟ ಪರೀಕ್ಷೆ. ಅಡುಗೆ ಬಲ್ಲವರೇ ಗಡಿಯಾರ ನೋಡಿಕೊಂಡು ಬೆವರುತ್ತಿದ್ದರು.

ಜಯನಗರ ಬೇಕರ್:
ಅದನ್ನು ನೋಡಿ ಹೆದರಬೇಡಿ. ಅಲ್ಲಿ ಎಲ್ಲವನ್ನೂ ಒಂದೇ ಸಲಕ್ಕೆ ಮಾಡಬೇಕಿತ್ತು. ನಿಮಗೆ ವಾರವಿದೆ. ಬೇಯಿಸುವ ಬಗ್ಗೆ ಮಾತ್ರ ಒಂದು ಮಾತು: ಫ್ಯಾನ್ ಹಾಕಿದ ಓವನ್‌ನಲ್ಲಿ ಪಫ್ ಬೇಡ. ಬೇಗ ಹೊರಪದರ ಗಟ್ಟಿಯಾಗಿ, ಒಳಗಿನ ಹಬೆ ಎಲ್ಲೆಂದರಲ್ಲಿ ಒಡೆದುಕೊಂಡು ಬರುತ್ತದೆ. ಮೇಲೆ ಕೆಳಗೆ ಕಾಯಿಲ್ ಬಿಸಿಯಲ್ಲಿ 190 ಡಿಗ್ರಿಗೆ ಶುರು ಮಾಡಿ. ಉಬ್ಬಿ ಬಣ್ಣ ಬರುವವರೆಗೆ ಬಾಗಿಲು ತೆರೆಯಬೇಡಿ.

ಲಿಯೋನ್ ಅಡುಗೆಮನೆ:
ನಮ್ಮಲ್ಲಿ ಫ್ಯಾನ್ ಓವನ್‌ನಲ್ಲೇ ದಿನಾ ಮಾಡುತ್ತೇವೆ ಸರ್, 20 ಡಿಗ್ರಿ ಕಡಿಮೆ ಇಟ್ಟು. ಮನೆ ಓವನ್ ಚಿಕ್ಕದು, ಫ್ಯಾನ್ ಜೋರು ಅಂದರೆ ನಿಮ್ಮ ಮಾತು ಸರಿ. ಓವನ್‌ಗಿಂತ ದೊಡ್ಡ ಸಂಗತಿ ಬೇರೆಯೇ ಇದೆ. ಬಣ್ಣ ಬಂದ ಮೇಲೆ ಇನ್ನೂ ಹತ್ತು ನಿಮಿಷ 150 ಡಿಗ್ರಿಯಲ್ಲಿ, ಬಾಗಿಲು ಚೂರು ತೆರೆದು ಒಣಗಿಸಬೇಕು. ಪ್ರತಿ ಪಫ್‌ನ ತಳಕ್ಕೆ ಚಾಕುವಿನ ಮೊನೆಯಿಂದ ತೂತು ಮಾಡಿ, ಹಬೆ ಹೋಗಲಿ. ಅದೇ ತೂತಿನಿಂದ ಆಮೇಲೆ ಕ್ರೀಮ್ ತುಂಬಬಹುದು. ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಕ್ರಾಕ್ಲಾನ್ (ಬೆಣ್ಣೆ, ಸಕ್ಕರೆ, ಮೈದಾ ಕಲಸಿ ತೆಳ್ಳಗೆ ಲಟ್ಟಿಸಿದ ಹಾಳೆ) ಬೇಯಿಸುವ ಮೊದಲು ಪಫ್ ಮೇಲೆ ಇಡಬೇಕಾ ಅಂತ ಕೇಳುವವರಿರುತ್ತಾರೆ. ಪಫ್ ದುಂಡಗೆ ಬರುತ್ತದೆ ನಿಜ, ಆದರೆ ಆ ಪುಡಿಪುಡಿ ಮೈಗೆ ಕ್ಯಾರಮೆಲ್ ಸರಿಯಾಗಿ ಹಿಡಿಯುವುದಿಲ್ಲ. ಗೋಪುರಕ್ಕೆ ಬೇಡ.

ಸೈಕಲ್ ಶಿವಮೊಗ್ಗ:
ವಿಷಯ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. ಇದೇ ಹಿಟ್ಟಿನಿಂದ ಮಾಡುವ ಪ್ಯಾರಿಸ್-ಬ್ರೆಸ್ಟ್ ಅನ್ನುವ ತಿಂಡಿ ಇದೆಯಲ್ಲ, ಅದು ಸೈಕಲ್ ಚಕ್ರದ ಆಕಾರ. 1891ರಲ್ಲಿ ಶುರುವಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ರೇಸ್ ನೆನಪಿಗೆ 1910ರಲ್ಲಿ ಲೂಯಿ ದ್ಯೂರಾನ್ ಅನ್ನುವವರು ಮಾಡಿದ್ದು. ಈಗ ಅದು ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1200 ಕಿ.ಮೀ. ಸವಾರಿ, 90 ಗಂಟೆ ಗಡುವು. ಬೆಂಗಳೂರಿನಿಂದಲೂ ಜನ ಹೋಗಿ ಓಡಿಸುತ್ತಾರೆ. 2023ರದು ಮುಗಿಯಿತು, ಮುಂದಿನದು 2027ಕ್ಕೆ.

ಟಿವಿ ನೋಡಿ ಕಲಿತವಳು:
1200 ಕಿಲೋಮೀಟರ್ ತುಳಿದವರಿಗೆ ಬೆಣ್ಣೆ, ಹೇಝಲ್‌ನಟ್ ಕ್ರೀಮ್ ಎಲ್ಲ ಧಾರಾಳವಾಗಿ ಸಲ್ಲುತ್ತದೆ ಬಿಡಿ. ಈಗ ಅಕ್ಕನ ಗೋಪುರಕ್ಕೆ ವಾಪಸ್ ಬನ್ನಿ.

ಗರೋನ್ ತೀರದವಳು:
ಎಲ್ಲರಿಗೂ ತುಂಬಾ ಧನ್ಯವಾದ. ಎರಡು ವಿಷಯ ಇನ್ನೂ ಬಗೆಹರಿದಿಲ್ಲ. 11ಕ್ಕೆ ನಾನು ಪುರಸಭೆಯಲ್ಲಿ ಇರಲೇಬೇಕು, ತಮ್ಮನ ಕಡೆಯ ಸಾಕ್ಷಿ ಸಹಿ ನನ್ನದೇ. ಸಿಹಿ ಬಡಿಸುವುದು ನಾಲ್ಕು ಗಂಟೆಗೆ. ಹಾಗಾದರೆ ಕಟ್ಟುವುದು ಯಾವಾಗ? ಎರಡನೆಯದು, ಸಿರಸಿಯಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಇಬ್ಬರೂ ಮೊಟ್ಟೆ ತಿನ್ನುವುದಿಲ್ಲ. ಮಗನ ಮದುವೆಯ ಸಿಹಿಯನ್ನು ಅವರು ಮುಟ್ಟದೆ ಕೂರುವುದು ನನಗೆ ಒಂಥರಾ ಸಂಕಟ.

ಕುಡ್ಲ ಕಡಲತಡಿ:
ಬೆಳಗ್ಗೆಯೇ ಕಟ್ಟಿ, ಆದರೆ ಪಫ್ ಒಳಗೆ ಕ್ರೀಮ್ ತುಂಬಬೇಡಿ. ಖಾಲಿ ಪಫ್ ಒಳಗಿನಿಂದ ಮೆತ್ತಗಾಗುವುದಿಲ್ಲ. ಕ್ರೀಮನ್ನು ಬಟ್ಟಲಿನಲ್ಲಿ ಪಕ್ಕಕ್ಕೆ ಕೊಡಿ.

ಲಿಯೋನ್ ಅಡುಗೆಮನೆ:
ಅಯ್ಯೋ, ಕ್ರೀಮ್ ಇಲ್ಲದ ಪಫ್ ಕಚ್ಚಿದರೆ ಆ ಅಜ್ಜಿಗೆ ಏನನ್ನಿಸಬೇಕು? ಹೊರಗೆ ಕ್ಯಾರಮೆಲ್ ಟಕ್ ಅಂತ ಒಡೆದು ಒಳಗಿಂದ ತಣ್ಣನೆ ಕ್ರೀಮ್ ಬರುವುದೇ ಇದರ ಜೀವ. ಆದರೆ ತುಂಬಿದ ಗೋಪುರವನ್ನು ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಹೊರಗಿಡುವುದೂ ತಪ್ಪು. ಹಾಲು ಮೊಟ್ಟೆಯ ಕ್ರೀಮ್, ಜೂನ್ ಸೆಕೆ, ಹೊಟ್ಟೆ ಕೆಡಿಸುತ್ತದೆ.

ಇಲ್ಲಿನ ಮದುವೆ ಊಟ ನಿಮಗೆ ಗೊತ್ತೇ ಇದೆ, ಮೊದಲು ಪಾನೀಯ, ಕುರುಕಲು ಅಂತ ಒಂದೂವರೆ ಗಂಟೆ ಎಲ್ಲರೂ ನಿಂತು ಮಾತಾಡುತ್ತಾರೆ. ಆಮೇಲೆ ಊಟ ನಿಧಾನ. 12ಕ್ಕೆ ಮನೆಗೆ ಬಂದು ಎಲ್ಲರನ್ನೂ ಮಾತಾಡಿಸಿ, ಒಂದೂವರೆಗೆ ಅಡುಗೆಮನೆಗೆ ಹೋಗಿ. ಜೊತೆಗೆ ಒಬ್ಬರು ಇರಲಿ, ಒಬ್ಬರು ತುಂಬುವುದು, ಒಬ್ಬರು ಅದ್ದಿ ಅಂಟಿಸುವುದು. ಇಬ್ಬರಿದ್ದರೆ ಒಂದು ಗಂಟೆಯ ಮೇಲೆ ಸ್ವಲ್ಪ ಹಿಡಿಯಬಹುದು. ಮೊದಲು ಎಲ್ಲ ಪಫ್‌ಗಳ ತಲೆಯನ್ನು ಕ್ಯಾರಮೆಲ್‌ನಲ್ಲಿ ಅದ್ದಿ ಆರಲು ಬಿಡಿ. ಆಮೇಲೆ ಪಕ್ಕಕ್ಕೆ ಮತ್ತು ಬುಡಕ್ಕೆ ಚೂರು ಅದ್ದಿ, ಹೊಳೆಯುವ ತಲೆ ಹೊರಕ್ಕೆ ಬರುವ ಹಾಗೆ ಅಂಟಿಸಿ. ಕ್ಯಾರಮೆಲ್ ಒಂದೇ ಸಲ ಮಾಡಬೇಡಿ, ಎರಡು ಸಲ ಮಾಡಿ. ಗಟ್ಟಿಯಾದರೆ ಸಣ್ಣ ಉರಿಗೆ ಇಡಿ, ಪದೇ ಪದೇ ಬಿಸಿ ಮಾಡಿದರೆ ಬಣ್ಣ ಕಪ್ಪಾಗುತ್ತದೆ. ಗೋಪುರ ಮನೆಯೊಳಗಿನ ತಂಪು ಕೋಣೆಯಲ್ಲೇ ಇರಲಿ, ನಾಲ್ಕಕ್ಕೆ ಎತ್ತಿ ಹೊರಗೆ ತನ್ನಿ.

ಜಯನಗರ ಬೇಕರ್:
ಕ್ರೀಮ್ ಬಗ್ಗೆ: 1 ಲೀಟರ್ ಹಾಲು, 10 ಹಳದಿ ಭಾಗ, 200 ಗ್ರಾಂ ಸಕ್ಕರೆ, 90 ಗ್ರಾಂ ಕಾರ್ನ್‌ಫ್ಲೋರ್, ಕೊನೆಗೆ 100 ಗ್ರಾಂ ಬೆಣ್ಣೆ. ದಪ್ಪ ಆದ ತಕ್ಷಣ ಇಳಿಸಬೇಡಿ, ಗುಳ್ಳೆ ಬಂದ ಮೇಲೆ ಒಂದು ನಿಮಿಷ ಕೈಬಿಡದೆ ತಿರುವುತ್ತಾ ಕುದಿಸಿ. ಹಳದಿ ಭಾಗದಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಇದೆ. ಅದು ಸಾಯದಿದ್ದರೆ ಇವತ್ತು ಗಟ್ಟಿಯಿದ್ದ ಕ್ರೀಮ್ ನಾಳೆ ನೀರಾಗುತ್ತದೆ.

ಧಾರವಾಡ ಸಾಧನಕೇರಿ:
ಮೊಟ್ಟೆ ಇಲ್ಲದೆ ಪಫ್ ಮಾಡುವ ವಿಡಿಯೋ ಬೇಕಾದಷ್ಟು ಇವೆ. ಇಡೀ ಗೋಪುರವನ್ನೇ ಹಾಗೆ ಮಾಡಿಬಿಡಿ.

ಜಯನಗರ ಬೇಕರ್:
ಬೇಡ. ಈ ಹಿಟ್ಟಿನಲ್ಲಿ ಬೇಕಿಂಗ್ ಪೌಡರ್ ಇಲ್ಲ, ಈಸ್ಟ್ ಇಲ್ಲ. ಹಬೆ ಉಬ್ಬಿಸುತ್ತದೆ, ಆ ಉಬ್ಬನ್ನು ಗೋಡೆಯಾಗಿ ಹಿಡಿದು ನಿಲ್ಲಿಸುವುದು ಮೊಟ್ಟೆ. ಇಲ್ಲದೆ ಮಾಡಿದ್ದು ಚೆನ್ನಾಗಿ ತಿನ್ನಬಹುದು, ಆದರೆ ಅಷ್ಟು ಟೊಳ್ಳಾಗುವುದಿಲ್ಲ, ತೂಕ ಜಾಸ್ತಿ. ಮದುವೆ ದಿನ ಅದರ ಮೇಲೆ ಗೋಪುರ ನಿಲ್ಲಿಸಲು ಹೋಗುವುದು ಜೂಜು.

ಮೈಸೂರು ಸಕ್ಕರೆ ಅಚ್ಚು:
ಅಪ್ಪ ಅಮ್ಮನಿಗೆ ಬೇರೆಯಾಗಿ ಏನಾದರೂ ಮಾಡಿ, ಆದರೆ ಬೇರೆ ಅನ್ನಿಸಬಾರದು. ಗೋಪುರದ ಬುಡಕ್ಕೆ ಏನೋ ಬಾದಾಮಿ ಪೀಠ ಮಾಡುತ್ತಾರಲ್ಲ, ಅದರಲ್ಲಿ ಮೊಟ್ಟೆ ಇರುತ್ತದಾ?

ಲಿಯೋನ್ ಅಡುಗೆಮನೆ:
ಇಲ್ಲ ಮೇಡಂ! ಒಳ್ಳೆಯ ಮಾತು ನೆನಪಿಸಿದಿರಿ. ಅದು ನೂಗತೀನ್, ಕ್ಯಾರಮೆಲ್ ಮತ್ತು ಹುರಿದ ಬಾದಾಮಿ ಚೂರು, ಅಷ್ಟೇ. ಬಿಸಿಯಿರುವಾಗ ಎಣ್ಣೆ ಸವರಿದ ಹಾಳೆಗಳ ಮಧ್ಯೆ ಲಟ್ಟಿಸಿ, ದುಂಡಗೆ ಕತ್ತರಿಸಿ ತಳಕ್ಕೆ ಇಡುತ್ತಾರೆ. ಅದೇ ಬಿಸಿ ಹಾಳೆಯನ್ನು ಚಿಕ್ಕ ಬಟ್ಟಲಿನ ಮೇಲೆ ಒತ್ತಿ ಎರಡು ಬಟ್ಟಲು ಮಾಡಿ. ಎರಡು ದಿನ ಮೊದಲೇ ಮಾಡಿ ಬಿಗಿ ಡಬ್ಬಿಯಲ್ಲಿಡಬಹುದು.

ಧಾರವಾಡ ಸಾಧನಕೇರಿ:
ಆ ಬಟ್ಟಲಿಗೆ ಕಸ್ಟರ್ಡ್ ಪೌಡರ್ ಕ್ರೀಮ್ ತುಂಬಿ. 1837ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಅದನ್ನು ಮಾಡಿದ್ದೇ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ ಅಂತ. ವೆನಿಲ್ಲಾ ಬದಲು ಏಲಕ್ಕಿ ಹಾಕಿದರೆ ಸಿರಸಿಯವರಿಗೆ ಖುಷಿಯಾಗುತ್ತದೆ.

ಪ್ಯಾರಿಸ್ ಪಿಎಚ್‌ಡಿ:
ಅಲಂಕಾರಕ್ಕೆ ದ್ರಾಜೆ ತರಲು ಮರೆಯಬೇಡಿ, ಸಕ್ಕರೆ ಲೇಪದ ಬಾದಾಮಿ. ಗೋಪುರದ ಸಂದಿಗಳಲ್ಲಿ ಅಂಟಿಸುತ್ತಾರೆ, ಬಂದವರ ಕೈಗೂ ಪುಟ್ಟ ಚೀಲದಲ್ಲಿ ಕೊಡುತ್ತಾರೆ.

ಗರೋನ್ ತೀರದವಳು:
ಸಿಹಿ ವಿಷಯ ಹಾಗಾದರೆ ತೀರ್ಮಾನ ಆಯಿತು: ಮೊಟ್ಟೆಯ ಗೋಪುರ, ಅಪ್ಪ ಅಮ್ಮನಿಗೆ ನೂಗತೀನ್ ಬಟ್ಟಲಲ್ಲಿ ಏಲಕ್ಕಿ ಕಸ್ಟರ್ಡ್. ಒಂದೂವರೆಗೆ ನನ್ನ ಓರಗಿತ್ತಿ ಜೊತೆ ಅಡುಗೆಮನೆ ಸೇರುತ್ತೇನೆ. ಕ್ಯಾರಮೆಲ್ ನೂಲು ಸುತ್ತಬೇಕು ಅಂತಲೂ ಆಸೆ, ಅದು ಕಷ್ಟವಾ? ಬಡಿಸುವಾಗ ಕತ್ತರಿಸುವುದು ಹೇಗೆ?

ಲಿಯೋನ್ ಅಡುಗೆಮನೆ:
ನೂಲು ಸುಲಭ. ಕ್ಯಾರಮೆಲ್ ಜೇನಿನಷ್ಟು ಮಂದವಾದಾಗ ಎರಡು ಫೋರ್ಕ್ ಅದ್ದಿ ಗೋಪುರದ ಸುತ್ತ ಬೀಸುತ್ತಾ ಹೋಗಿ. ನೆಲಕ್ಕೆ ಹಳೆಯ ಪೇಪರ್ ಹಾಸಿರಿ. ಆದರೆ ಅದಕ್ಕೆ ತೇವ ತಗುಲಿದರೆ ಎಲ್ಲಕ್ಕಿಂತ ಮೊದಲು ಕರಗುತ್ತದೆ, ಆದ್ದರಿಂದ ಮೂರೂ ಮುಕ್ಕಾಲಿಗೆ ಮಾಡಿ.

ಕತ್ತರಿಸುವುದು ಇಲ್ಲ. ಎರಡು ದೊಡ್ಡ ಚಮಚ ತೆಗೆದುಕೊಂಡು ತುದಿಯಿಂದ ಒಂದೊಂದೇ ಬಿಡಿಸಿ ತಟ್ಟೆಗೆ ಮೂರು ಮೂರು ಹಾಕುತ್ತಾ ಬನ್ನಿ. ಅಂಟು ಗಟ್ಟಿಯಿದ್ದರೆ ಚಾಕುವಿನ ಮೊನೆಯನ್ನು ಸಂದಿಗೆ ಇಟ್ಟು ಚೂರು ತಿರುವಿ. ಕೋನ್ ಒಳಗೇ ಇದ್ದರೆ ತೆಗೆಯುವ ಗೋಜಿಗೆ ಹೋಗಬೇಡಿ, ಕೊನೆಗೆ ತಾನೇ ಉಳಿಯುತ್ತದೆ.

ಟಿವಿ ನೋಡಿ ಕಲಿತವಳು:
ಉಳಿದ 10 ಮೊಟ್ಟೆಯ ಬಿಳಿ ಭಾಗ ಏನು ಮಾಡುತ್ತೀರಿ?

ಜಯನಗರ ಬೇಕರ್:
ಫ್ರೀಜರ್‌ಗೆ ಹಾಕಲಿ, ತಿಂಗಳುಗಟ್ಟಲೆ ಇರುತ್ತದೆ. ಮೆರಿಂಗ್, ಮ್ಯಾಕರೂನ್ ಬೇರೆ ಚರ್ಚೆ ಶುರು ಮಾಡಿ, ಅಲ್ಲಿಗೆ ಬರುತ್ತೇನೆ.